ಓಕೆ ಅಂದ್ರೆ ಏನು? (ಕಲಬುರಗಿಯಿಂದ ಕಮಲಾಪುರಕ್ಕೆ, ಒಂದು ಮಾಡೆಮ್ಮಿನ ಕತೆ)

1/8
ಫೋಟೋದಾಗ ಕಾಣ್ತಿರೋ ಬೋರ್ಡು ಬೆಂಕಿಪೊಟ್ಟಣದಷ್ಟು ಅದ ನೋಡ್ರಿ. ಇದಕ್ಕ ಜಿಎಸ್ಎಂ ಮಾಡೆಮ್ ಅಂತಾರ. ಹೊಟ್ಟೆಯೊಳಗ ಒಂದು ಸಿಮ್, ತಲೆ ಮ್ಯಾಲ ಒಂದು ಆಂಟೆನಾ. ಪರದೆ ಇಲ್ಲ, ಬಟನ್ ಇಲ್ಲ. ಇದರ ಜೊತೆ ಮಾತಾಡಬೇಕಂದ್ರೆ ಕಂಪ್ಯೂಟರಿನ ಕಪ್ಪು ಪರದೆ ತೆರೆದು, ಒಂದೊಂದೇ ಸಾಲು ಟೈಪ್ ಮಾಡಿ ಕೇಳಬೇಕು. ಅದು ಒಂದೊಂದೇ ಸಾಲಿನಾಗ ಉತ್ತರ ಕೊಡ್ತದ.

ಇದನ್ನ ಯಾಕ ತಂದೆ ಅಂದ್ರೆ, ಅಪ್ಪನ ಸಲುವಾಗಿ.

ನಮ್ಮ ತೋಟ ಇರೋದು ಕಮಲಾಪುರದಾಗ. ಕಲಬುರಗಿಯಿಂದ ಹುಮನಾಬಾದ್ ರಸ್ತೆಗೆ ಸುಮಾರು 35 ಕಿಲೋಮೀಟರ್. ಕಮಲಾಪುರದ ಕೆಂಪು ಬಾಳೆ ಹೆಸರು ಕೇಳೇ ಇರ್ತೀರಿ, ಜಿಐ ಟ್ಯಾಗ್ ಸಿಕ್ಕಿರೋ ಹಣ್ಣು. ತಿನ್ನೋರಿಗೆ ಸಿಹಿ, ಬೆಳೆಯೋರಿಗೆ ಭಾಳ ತಾಳ್ಮೆ ಬೇಕು. ಗೊನೆ ಕೈಗೆ ಬರಲಿಕ್ಕೆ ಒಂದೂವರೆ ವರ್ಷದ ಹತ್ರ ಹತ್ರ ಹಿಡೀತದ. ಅಷ್ಟು ದಿನ ಗೊಬ್ಬರ ಬೇಕು, ಅದಕ್ಕಿಂತ ಹೆಚ್ಚು ನೀರು ಬೇಕು. ನೀರಂದ್ರೆ ಬೋರ್, ಬೋರಂದ್ರೆ ಮೋಟ್ರು, ಮೋಟ್ರಂದ್ರೆ ತ್ರೀ ಫೇಸ್ ಕರೆಂಟು. ಅದು ಪಾಳಿ ಪ್ರಕಾರ ಬರ್ತದ. ಒಂದು ವಾರ ಹಗಲು, ಒಂದು ವಾರ ರಾತ್ರಿ.

ರಾತ್ರಿ ಪಾಳಿ ಬಂತಂದ್ರೆ ಅಪ್ಪ ಹನ್ನೆರಡಕ್ಕೋ ಒಂದಕ್ಕೋ ಎದ್ದು, ಬ್ಯಾಟ್ರಿ ಹಿಡ್ಕೊಂಡು, ಬದುವಿನ ಮ್ಯಾಲ ನಡೀತಿದ್ದ. ಹಾವು, ಚೇಳು, ಕೆಸರು, ಎಲ್ಲಾ ಇದ್ದ ದಾರಿ. ಎಷ್ಟೋ ಸಲ ಅಲ್ಲಿಗಿ ಹೋದ ಮ್ಯಾಲ ಕರೆಂಟೇ ಇರ್ತಿರಲಿಲ್ಲ. ವಾಪಸ್.

ನಾನು ಕಲಬುರಗಿಯಾಗ ಯುಪಿಎಸ್, ಇನ್ವರ್ಟರ್ ರಿಪೇರಿ ಮಾಡ್ತೀನಿ. ಊರಿನವರ ಮನೆ ಕರೆಂಟು ಸರಿ ಮಾಡೋ ಮಗ, ಅಪ್ಪನ ಹೊಲದ್ದು ಮಾಡಲಿಲ್ಲ ಅಂತ ಅವ್ವ ಒಂದು ದಿನ ಅಂದಳು. ನಗ್ತಾನೇ ಅಂದಳು. ಆದ್ರೂ ನೆಟ್ಟಿತು.

2/8
ಮೊದಲೇ ಹೇಳಿಬಿಡ್ತೀನಿ, ಇದು ನನ್ನ ಐಡಿಯಾ ಅಲ್ಲ. ಫೋನಿನಿಂದ ಪಂಪ್‌ಸೆಟ್ ಚಾಲು ಮಾಡೋ ಉಪಕರಣ ನಮ್ಮ ದೇಶದಾಗ ಎಷ್ಟೋ ವರ್ಷದಿಂದ ಅದ. ಪುಣೆಯ ಸಂತೋಷ್ ಓಸ್ತವಾಲ್ ಅನ್ನೋ ಇಂಜಿನಿಯರು ‘ನ್ಯಾನೋ ಗಣೇಶ್’ ಅಂತ ಮಾಡಿದ್ರು, ಹೆಸರುವಾಸಿ ಆಯ್ತು. ಇವತ್ತು ಅಂಗಡಿಯಾಗ ಹತ್ತಾರು ತರದ ಮೊಬೈಲ್ ಸ್ಟಾರ್ಟರ್ ಸಿಗ್ತಾವ. ನಾನು ನೋಡಿದ್ದವು ಎಲ್ಲವೂ ಮೆಸೇಜ್ ಕಳಿಸೋದು ಇಂಗ್ಲಿಷಿನಾಗ. ಅಪ್ಪಗ ಕನ್ನಡ ಬಿಟ್ಟು ಬೇರೆ ಓದ್ಲಿಕ್ಕೆ ಬರಂಗಿಲ್ಲ. ಅದಕ್ಕ ನಾನೇ ಕೂತೆ.

ಈ ಮಾಡೆಮ್ಮಿನ ಭಾಷೆಗೆ ‘ಎಟಿ ಕಮಾಂಡ್’ ಅಂತಾರ. ಎಟಿ ಅಂದ್ರೆ ಅಟೆನ್ಷನ್, ‘ಇಲ್ಲಿ ಕೇಳು’ ಅಂತ. 1981ರಾಗ ಅಮೆರಿಕಾದ ಡೆನ್ನಿಸ್ ಹೇಯ್ಸ್ ಅವರ ಕಂಪನಿ ‘ಸ್ಮಾರ್ಟ್‌ಮೋಡೆಮ್’ ಅಂತ ಒಂದು ಮಾಡೆಮ್ ತಂತು. ವೇಗ ಸೆಕೆಂಡಿಗೆ ಬರೇ 300 ಬಿಟ್. ಮಾಡೆಮ್ಮಿಗೆ ಎರಡು ಕೆಲಸ: ನಾವು ಕೊಟ್ಟಿದ್ದನ್ನ ಆ ಕಡೆಗೆ ಕಳಿಸೋದು, ನಾವು ಹೇಳಿದ ಹುಕುಂ ತಾನು ಪಾಲಿಸೋದು. ಎರಡೂ ಒಂದೇ ವೈರಿನಾಗ ಬರ್ತಾವ. ಯಾವುದು ಯಾವುದು ಅಂತ ತಿಳಿಯೋದು ಹೆಂಗ? ಕಳಿಸೋ ಸ್ಥಿತಿ ಬ್ಯಾರೆ, ಹುಕುಂ ಕೇಳೋ ಸ್ಥಿತಿ ಬ್ಯಾರೆ ಅಂತ ಮಾಡಿ, ಹುಕುಮಿನ ಮುಂದ ‘ಎಟಿ’ ಹಚ್ಚಬೇಕು ಅಂತ ಕಟ್ಟು ಮಾಡಿದ್ರು.

ಆ ಲ್ಯಾಂಡ್‌ಲೈನ್ ಮಾಡೆಮ್ ಎಲ್ಲಾ ಗುಜರಿಗೆ ಹೋದವು, ಎಟಿ ಮಾತ್ರ ಉಳೀತು. ಮೊಬೈಲ್ ನೆಟ್‌ವರ್ಕಿನ ಅಂತಾರಾಷ್ಟ್ರೀಯ ನಿಯಮದಾಗೂ ಇದೇ ಭಾಷೆ ಸೇರ್ಕೊಂಡದ. 2ಜಿ ಮಾಡೆಮ್ ಇರ್ಲಿ, 4ಜಿ ಇರ್ಲಿ, ಮೊದಲ ಮಾತು ಎಟಿ.

ಒಂದು ಸೂಚನೆ: ಇಲ್ಲಿ ಕಮಾಂಡುಗಳನ್ನ ಕನ್ನಡ ಅಕ್ಷರದಾಗ ಬರ್ದೀನಿ. ಟೈಪ್ ಮಾಡುವಾಗ ಇಂಗ್ಲಿಷ್ ದೊಡ್ಡಕ್ಷರ ಬಳಸ್ರಿ.

3/8
ಈ ಫೋಟೋ ಕಲಬುರಗಿಯ ನನ್ನ ಟೇಬಲ್ಲು. ಎಡಕ್ಕ ಹಳೇ ಲ್ಯಾಪ್‌ಟಾಪು, ನಡುವ ಯುಎಸ್‌ಬಿ ಸೀರಿಯಲ್ ಕನ್ವರ್ಟರು, ಬಲಕ್ಕ ಮಾಡೆಮ್ಮು.

ಮೊದಲ ದಿನ ‘ಎಟಿ’ ಒತ್ತಿದೆ, ಎಂಟರ್ ಹೊಡೆದೆ. ಏನೂ ಇಲ್ಲ. ಹತ್ತು ಸಲ ಹೊಡೆದೆ. ಸುಮ್ಮನ ಕುಂತದ. ಆಮ್ಯಾಲ ಗೊತ್ತಾಯ್ತು, ವೈರು ಅದಲು ಬದಲು ಇರಬೇಕು. ನನ್ನ ಕಡೆ ‘ಹೇಳೋ’ ತಂತಿ ಅದರ ‘ಕೇಳೋ’ ತಂತಿಗೆ ಸೇರಬೇಕು. ನಾನು ಬಾಯಿಗೆ ಬಾಯಿ, ಕಿವಿಗೆ ಕಿವಿ ಕಟ್ಟಿದ್ದೆ. ಸರಿ ಮಾಡಿ, ವೇಗ 9600ಕ್ಕ ಇಟ್ಟು ಮತ್ತೊಮ್ಮೆ ಎಟಿ ಅಂದೆ.

‘ಓಕೆ’ ಅಂತು.

ಆ ಎರಡು ಅಕ್ಷರ ನೋಡಿ ನಾನು ಕುರ್ಚಿಯಿಂದ ಎದ್ದು ನಿಂತಿದ್ದೆ. ಎಲ್ಲಾ ಮುಗೀತು ಅಂದ್ಕೊಂಡಿದ್ದೆ. ಆದ್ರೆ ಈ ಓಕೆಗೆ ಅರ್ಥ ಇಷ್ಟೇ: ‘ನೀ ಅಂದಿದ್ದು ಕೇಳಿಸ್ತು’. ಸಿಮ್ ಅದನೋ ಇಲ್ಲೋ, ಸಿಗ್ನಲ್ ಅದನೋ ಇಲ್ಲೋ, ಅದರಾಗ ಏನೂ ಇಲ್ಲ. ಅದನ್ನೆಲ್ಲಾ ಬ್ಯಾರೆ ಬ್ಯಾರೆ ಕೇಳಬೇಕು.

ಎಟಿ+ಸಿಪಿಐಎನ್? ಅಂದ್ರೆ ಸಿಮ್ ಕೂತದೇನು ಅಂತ. ‘ರೆಡಿ’ ಅನ್ನಬೇಕು.

ಎಟಿ+ಸಿಎಸ್‌ಕ್ಯೂ ಅಂದ್ರೆ ಸಿಗ್ನಲ್ ಎಷ್ಟು ಅಂತ. 0ಯಿಂದ 31ರ ತನಕ ಅಂಕಿ ಕೊಡ್ತದ. 99 ಅಂದ್ರೆ ‘ನನಗ ಗೊತ್ತಿಲ್ಲಪ್ಪಾ’. ನನ್ನ ಟೇಬಲ್ ಮ್ಯಾಲ 22 ಬಂತು, ಚಲೋ.

ಎಟಿ+ಸಿಆರ್‌ಇಜಿ? ಅಂದ್ರೆ ನೆಟ್‌ವರ್ಕು ನಿನ್ನ ಒಳಗ ಬಿಟ್ಕೊಂಡದೇನು ಅಂತ. ‘0,1’ ಬಂದ್ರೆ ಹೌದು. ‘0,2’ ಅಂದ್ರೆ ಇನ್ನೂ ಹುಡುಕ್ಲಿಕತ್ತೀನಿ. ‘0,3’ ಅಂದ್ರೆ ಬಾಗಿಲಿಂದಲೇ ಕಳಿಸಿದ್ರು.

ನನಗ ಬಂದಿದ್ದು ‘0,5’.

4/8
0,5 ಅಂದ್ರೆ ರೋಮಿಂಗ್. ನಾನು ಹಾಕಿದ ಸಿಮ್ಮು ಹೈದರಾಬಾದಿನಾಗ ಕೆಲಸ ಮಾಡುವಾಗ ತಗೊಂಡಿದ್ದು. ನಮ್ಮ ಕಡೆಯವರ ಡಬ್ಬಿಯಾಗ ಹೈದರಾಬಾದ್ ಸಿಮ್ಮೋ ಸೊಲ್ಲಾಪುರ ಸಿಮ್ಮೋ ಒಂದು ಇದ್ದೇ ಇರ್ತದ. ಫೋನಿನಾಗ ಹಾಕಿದ್ರೆ ಫರಕು ತಿಳಿಯಂಗಿಲ್ಲ. ಆದ್ರೆ ನನ್ನ ಪ್ರೋಗ್ರಾಮಿನಾಗ ‘0,1 ಬಂದ್ರೆ ಮಾತ್ರ ಮುಂದ ಹೋಗು’ ಅಂತ ಬರ್ದಿದ್ದೆ. ಮಾಡೆಮ್ಮು ನೆಟ್‌ವರ್ಕಿನಾಗ ಆರಾಮ ಕುಂತಿತ್ತು, ನನ್ನ ಪ್ರೋಗ್ರಾಮು ‘ಇನ್ನೂ ಸಿಕ್ಕಿಲ್ಲ, ಇನ್ನೂ ಸಿಕ್ಕಿಲ್ಲ’ ಅಂತ ಎರಡು ದಿನ ಕಾದಿತ್ತು. 5 ಕೂಡ ಒಪ್ಪು ಅಂತ ಒಂದು ಸಾಲು ಸೇರಿಸಿದೆ, ಹೊರಟಿತು. (ಜಿಯೋ ಸಿಮ್ ಇರೋರು ಗಮನಿಸ್ರಿ: 2016ರಾಗ ಶುರುವಾದಾಗಿಂದಲೂ ಅದರಾಗ 2ಜಿ ಇಲ್ಲ. ನನ್ನಂಥ 2ಜಿ ಮಾಡೆಮ್ಮಿಗೆ ಅದು ಬರಂಗಿಲ್ಲ, 4ಜಿ ಮಾಡೆಮ್ ತಗೋಬೇಕು.)

ಆಮ್ಯಾಲ ಇನ್ನೊಂದು ಕಾಟ. ಎಟಿ ಅಂದ್ರೆ ಓಕೆ, ಸಿಗ್ನಲ್ ಓಕೆ, ಎಲ್ಲಾ ಓಕೆ. ಕಾಲ್ ಮಾಡು ಅಂದ ಕೂಡಲೇ ಸತ್ತು ಮತ್ತ ಹುಟ್ಟತಿತ್ತು. ಇನ್ವರ್ಟರ್ ರಿಪೇರಿ ಮಾಡೋನು ನಾನು, ಇದು ನನಗ ಮೊದಲೇ ಹೊಳೀಬೇಕಿತ್ತು. ಇಂಥ 2ಜಿ ಮಾಡೆಮ್ಮು ಸುಮ್ಮನ ಕುಂತಾಗ ಅಷ್ಟೇನು ಕರೆಂಟು ತಿನ್ನಂಗಿಲ್ಲ. ಟವರಿಗೆ ಕೂಗುವಾಗ ಮಾತ್ರ ಒಂದು ಕ್ಷಣ 2 ಆಂಪಿಯರ್ ತನಕ ಎಳೀತದ. ನಾನು ಕೊಟ್ಟಿದ್ದು ಹಳೇ ಫೋನಿನ ಚಾರ್ಜರು, ಉದ್ದನ ತೆಳ್ಳನ ವೈರು. ಕೂಗೋ ಹೊತ್ತಿಗೆ ವೋಲ್ಟೇಜು ಕುಸೀತಿತ್ತು. ಒಂದು ಲಿಥಿಯಂ ಬ್ಯಾಟ್ರಿ, ಪಕ್ಕಕ್ಕ 1000 ಮೈಕ್ರೋಫ್ಯಾರಡ್ ಕೆಪಾಸಿಟರು, ಗಿಡ್ಡನ ದಪ್ಪ ವೈರು. ಕಾಟ ಮುಗೀತು. ಬ್ಯಾಟ್ರಿಯಿಂದ ಇನ್ನೊಂದು ಲಾಭ, ಕರೆಂಟು ಹೋದಾಗ ‘ಹೋಯ್ತು’ ಅಂತ ಹೇಳ್ಲಿಕ್ಕೆ ಅದಕ್ಕ ಜೀವ ಇರ್ತದ.

ಪವರ್ ಹೋಗಿ ಬಂದ್ರೆ ಮಾಡೆಮ್ಮು ಕಲಿಸಿದ್ದರಾಗ ಭಾಳಷ್ಟು ಮರೀತದ. ಅದಕ್ಕ ಎದ್ದಾಗೆಲ್ಲಾ ಮೊದಲಿಂದ ಎಲ್ಲಾ ಕಮಾಂಡು ಹೇಳಿಕೊಡೋ ಹಂಗ ಪ್ರೋಗ್ರಾಂ ಬರ್ದೆ.

5/8
ಇದು ಕಮಲಾಪುರದ ಫೋಟೋ. ಬಾಳಿ ಸಾಲಿನ ಪಕ್ಕ ಕಾಣೋ ಡಬ್ಬಿ ನಮ್ಮ ಸ್ಟಾರ್ಟರು.

ಟೇಬಲ್ ಮ್ಯಾಲ ಒಂದು ವಾರ ಓಡಿದ್ದು ಇಲ್ಲಿ ಐದು ನಿಮಿಷ ಓಡಲಿಲ್ಲ. ಲ್ಯಾಪ್‌ಟಾಪ್ ಬದುವಿನ ಮ್ಯಾಲ ಇಟ್ಟು, ಅಪ್ಪನ ಟವೆಲ್ಲು ತಲೆ ಮ್ಯಾಲ ಹೊದ್ದು (ಬಿಸಿಲಿಗೆ ಪರದೆ ಕಾಣಂಗಿಲ್ಲ) ಟೈಪ್ ಮಾಡಿದೆ. ಎಟಿ. ಓಕೆ. ಎಟಿ+ಸಿಪಿಐಎನ್?. ರೆಡಿ. ಎಟಿ+ಸಿಎಸ್‌ಕ್ಯೂ. 6.

ಆ ಅಂಕಿಯನ್ನ ಎರಡರಿಂದ ಗುಣಿಸಿ, 113ರಾಗ ಕಳೆದ್ರೆ ಬರೋದು ಮೈನಸ್ ಡಿಬಿಎಂ ಲೆಕ್ಕ. 6 ಅಂದ್ರೆ ಮೈನಸ್ 101. ಬದುಕಿದ್ದೀನಿ ಅಷ್ಟೇ ಅನ್ನೋ ಲೆಕ್ಕ. ಬೋರ್ಡಿನ ಮ್ಯಾಲಿನ ಸಣ್ಣ ದೀಪನೂ ಅದನ್ನೇ ಹೇಳ್ತಿತ್ತು. ನನ್ನ ಮಾಡೆಮ್ಮಿನಾಗ ಬೇಗ ಬೇಗ, ಸೆಕೆಂಡಿಗೊಮ್ಮೆ ಮಿಣುಕಿದ್ರೆ ಇನ್ನೂ ಹುಡುಕಾಟ. ಮೂರು ಸೆಕೆಂಡಿಗೊಮ್ಮೆ ನಿಧಾನ ಮಿಣುಕಿದ್ರೆ ಸಿಕ್ಕದ ಅಂತ. ಅವತ್ತು ನಿಧಾನ ಆಗಿ, ಮತ್ತ ಬೇಗ ಆಗಿ, ಮತ್ತ ನಿಧಾನ ಆಗ್ತಿತ್ತು.

‘ಟವರ್ ದೂರ ಅದ ಏನ್ ಮಾಡ್ಲಿಕ್ಕಾಗ್ತದ’ ಅಂತ ನಾನು ಅಂದೆ. ಅಪ್ಪ ಹತ್ರ ಬಂದು ನೋಡಿ ಕೇಳ್ದ: ‘ಅದರ ಬಾಲ ಎಲ್ಲದ?’

ಬಾಲ ಅಂದ್ರೆ ಆಂಟೆನಾ. ಅದು ಮಾಡೆಮ್ಮಿನ ಜೋಡಿ ಸ್ಟಾರ್ಟರ್ ಡಬ್ಬಿಯೊಳಗೇ ಇತ್ತು. ಡಬ್ಬಿ ಕಬ್ಬಿಣದ್ದು. ‘ನನ್ನ ಫೋನು ಕಬ್ಬಿಣದ ಟ್ರಂಕಿನಾಗ ಇಟ್ರೆ ರಿಂಗಾಗಂಗಿಲ್ಲ, ಇದು ಹೆಂಗ ಆಗ್ತದ?’ ಅಂದ ಅಪ್ಪ. ನಾನು ಬಾಯಿ ಮುಚ್ಕೊಂಡು ಡಬ್ಬಿಗೆ ತೂತು ಕೊರೆದು ಆಂಟೆನಾ ಹೊರಗ ತಗದೆ. ಅಪ್ಪ ಒಂದು ಬಿದಿರು ಗಳ ತಂದ. ಅದರ ತುದಿಗೆ ಕಟ್ಟಿದೆವು. ಮತ್ತ ಎಟಿ+ಸಿಎಸ್‌ಕ್ಯೂ. 14.

6ರಿಂದ 14 ಅಂದ್ರೆ ಎರಡು ಪಟ್ಟಿನಷ್ಟು ಕಾಣ್ತದ. ಡೆಸಿಬಲ್ ಲೆಕ್ಕದಾಗ 16 ಹೆಚ್ಚು, ಅಂದ್ರೆ ಸಿಗ್ನಲಿನ ಶಕ್ತಿ ಸುಮಾರು 40 ಪಟ್ಟು. ಒಂದು ತೂತು, ಒಂದು ಬಿದಿರು. ದೀಪ ನಿಧಾನಕ್ಕ ಬಂದು ಅಲ್ಲೇ ನಿಂತಿತು.

6/8
ಮೋಟ್ರು ಚಾಲು ಮಾಡೋ ವಿಧಾನ ಸರಳ: ಅಪ್ಪ ಒಂದು ಮಿಸ್ ಕಾಲ್ ಕೊಡಬೇಕು. ಮಾಡೆಮ್ಮಿನ ಕಡೆಯಿಂದ ‘ರಿಂಗ್’ ಅಂತ ಸಾಲು ಬರ್ತದ, ನನ್ನ ಪ್ರೋಗ್ರಾಮು ಎಟಿಎಚ್ ಅಂತ ಕಾಲ್ ಕಟ್ ಮಾಡಿ ಸ್ಟಾರ್ಟರ್ ಒತ್ತತದ. ದುಡ್ಡು ಖರ್ಚಿಲ್ಲ.

ಮೊದಲ ವಾರ ಒಂದು ಮಧ್ಯಾಹ್ನ ಅಪ್ಪ ಫೋನ್ ಮಾಡಿ ಬೈದ. ‘ನೀರು ಸಾಕಾಗ್ಯಾದ, ಯಾಕ ಚಾಲು ಮಾಡ್ಲಕತ್ತಿ?’ ನಾನು ಮಾಡಿರಲಿಲ್ಲ. ಲಾಗ್ ತೆಗೆದು ನೋಡಿದ್ರೆ ಯಾವುದೋ ನಂಬರಿನಿಂದ ಕಾಲು. ಸಾಲ ಬೇಕೇನ್ರಿ ಅಂತ ಕೇಳೋರದ್ದು. ಪಾಪ ಅವರಿಗೇನು ಗೊತ್ತು, ಕಮಲಾಪುರದಾಗ ತಾವೊಂದು ಬೋರ್ ಚಾಲು ಮಾಡೀವಿ ಅಂತ!

ನಕ್ಕರೂ, ಇದು ನಗೋ ಮಾತಲ್ಲ. ಅಪ್ಪ ಆ ಹೊತ್ತಿಗೆ ಪೈಪಿಗೆ ಕೈ ಹಾಕಿದ್ರೆ? ಸ್ಟಾರ್ಟರ್ ಬಿಚ್ಚಿ ಕುಂತಿದ್ರೆ? ಅವತ್ತೇ ಎಟಿ+ಸಿಎಲ್‌ಐಪಿ=1 ಹಚ್ಚಿದೆ. ಅದು ಹಚ್ಚಿದ್ರೆ ರಿಂಗಿನ ಕೆಳಗ ಕಾಲ್ ಮಾಡಿದವರ ನಂಬರೂ ಬರ್ತದ. ಅಪ್ಪನ್ದು, ಅವ್ವನ್ದು, ನನ್ದು ಬಿಟ್ಟು ಯಾರು ಕೂಗಿದ್ರೂ ಓಗೊಡಬ್ಯಾಡ ಅಂತ ಬರ್ದೆ. ಇದರ ಜೊತೆ ಡಬ್ಬಿಯ ಹೊರಗ ಒಂದು ದೊಡ್ಡ ಸ್ವಿಚ್ಚು. ರಿಪೇರಿಗೆ ಕೈ ಹಾಕೋ ಮುಂಚೆ ಅದನ್ನ ಕೆಳಗ ಮಾಡಬೇಕು, ಆಗ ಯಾವ ಕಾಲ್ ಬಂದ್ರೂ ಏನೂ ಆಗಂಗಿಲ್ಲ. ನೀವು ಇಂಥದ್ದು ಮಾಡ್ಲಿಕ್ಕೆ ಹೊರಟಿದ್ರೆ ಈ ಎರಡನ್ನ ಮೊದಲು ಮಾಡ್ರಿ. ತ್ರೀ ಫೇಸ್ ಕೆಲಸ ಗೊತ್ತಿಲ್ಲದಿದ್ರೆ ಗೊತ್ತಿದ್ದವರನ್ನ ಕರೀರಿ. ಮಾಡೆಮ್ ತಪ್ಪಾದ್ರೆ ‘ಎರರ್’ ಅಂತದ, ತ್ರೀ ಫೇಸ್ ಏನೂ ಅನ್ನಂಗಿಲ್ಲ.

7/8
ಈಗ ಅಸಲಿ ಕತೆ. ಕನ್ನಡ ಮೆಸೇಜು.

ಇಂಗ್ಲಿಷ್ ಮೆಸೇಜ್ ಕಳಿಸೋದು ಎರಡು ನಿಮಿಷದ ಕೆಲಸ. ಎಟಿ+ಸಿಎಂಜಿಎಫ್=1, ಆಮ್ಯಾಲ ಎಟಿ+ಸಿಎಂಜಿಎಸ್ ಮತ್ತು ನಂಬರು. ಒಂದು ಬಾಣದ ಗುರುತು ಬರ್ತದ, ಬರೀರಿ, ಕಂಟ್ರೋಲ್ ಜಡ್ ಒತ್ತ್ರಿ, ಹೋಯ್ತು. ಕನ್ನಡಕ್ಕ ಈ ದಾರಿ ಇಲ್ಲ. ಎಟಿ+ಸಿಎಸ್‌ಸಿಎಸ್ ಅಂತ ‘ಯುಸಿಎಸ್2’ಕ್ಕ ಬದಲಿಸಿ, ಎಟಿ+ಸಿಎಸ್‌ಎಂಪಿ=17,167,0,8 ಅಂತ ಹೇಳಿ, ಒಂದೊಂದು ಅಕ್ಷರನೂ ಅದರ ಯೂನಿಕೋಡ್ ಸಂಖ್ಯೆಯಾಗ ಬರೀಬೇಕು. ‘ನ’ ಅಂದ್ರೆ 0ಸಿಎ8. ಈ ದೀರ್ಘ 0ಸಿಸಿ0. ‘ರ’ 0ಸಿಬಿ0. ಉಕಾರ 0ಸಿಸಿ1. ‘ನೀರು’ ನಮಗ ಎರಡಕ್ಷರ, ಮಾಡೆಮ್ಮಿಗೆ ನಾಲ್ಕು. ಇಂಗ್ಲಿಷಿಗೆ ಒಂದು ಮೆಸೇಜಿನಾಗ 160 ಜಾಗ, ಕನ್ನಡಕ್ಕ 70. ಅಪ್ಪನ ಫೋನ್ ನಂಬರೂ ಹಿಂಗೇ ಬಿಡಿಸಿ ಬರೀಬೇಕು.

ಒಂದು ಸಂಜೆ ಕೂತು, ಕಾಗದದ ಮ್ಯಾಲ ಬಿಡಿಸಿ (ಫೋಟೋ ನೋಡ್ರಿ) ಎರಡು ಮೆಸೇಜ್ ಮಾಡಿದೆ. ‘ಕರೆಂಟ್ ಚಾಲು’. ‘ಕರೆಂಟ್ ಬಂದ್’. ‘ಚಾಲು’ ಮೊದಲು ಕಳಿಸಿ ನೋಡಿದೆ, ಅಪ್ಪ ಓದಿ ಹೇಳ್ದ. ‘ಬಂದ್’ ಕಳಿಸಿದಾಗ ಮಾಡೆಮ್ಮು ಓಕೆ ಅಂತು, ಅಪ್ಪ ಊಟಕ್ಕ ಕೂತಿದ್ದ. ನಾನು ಕೇಳ್ಲಿಲ್ಲ. ಬಸ್ಸು ಹಿಡ್ದು ಕಲಬುರಗಿಗೆ ಬಂದೆ.

‘ಕರೆಂಟ್ ಬಂದ್’ಗೆ 44 ಅಂಕಿ ಬೇಕು. ನಾನು ಬರ್ದಿದ್ದು 40. ಕೊನೇ ನಾಲ್ಕು, 0ಸಿಸಿಡಿ, ಅಂದ್ರೆ ದ-ದ ಮ್ಯಾಲಿನ ಅರ್ಧಾಕ್ಷರದ ಗುರುತು, ಬಿಟ್ಟುಹೋಗಿತ್ತು. ಅಪ್ಪಗ ಹೋಗಿದ್ದು ‘ಕರೆಂಟ್ ಬಂದ’.

ರಾತ್ರಿ ಪಾಳಿ. ಹನ್ನೆರಡೂವರೆಗೆ ಕರೆಂಟು ಹೋಯ್ತು. ಅಪ್ಪನ ಫೋನಿಗೆ ‘ಕರೆಂಟ್ ಬಂದ’. ‘ಬಂದದ’ ಅನ್ನೋದನ್ನ ಮಶೀನು ಅರ್ಧಕ್ಕ ನಿಲ್ಸ್ಯಾದ ಅಂತ ಅಪ್ಪ ತಿಳ್ಕೊಂಡ. ಮಿಸ್ ಕಾಲ್ ಕೊಟ್ಟ, ಮೋಟ್ರು ಹತ್ತಲಿಲ್ಲ. ಮತ್ತ ಕೊಟ್ಟ. ಮಗನ ಮಶೀನು ಕೆಟ್ಟದ ಅಂತ ಬ್ಯಾಟ್ರಿ ಹಿಡ್ಕೊಂಡು ಹೊಂಟ.

8/8
ಬೆಳಿಗ್ಗೆ ನಾನು ಫೋನ್ ಮಾಡಿ ‘ಹೆಂಗದ ಮಶೀನು?’ ಅಂತ ಕೇಳ್ದೆ. ‘ಎಲ್ಲಾ ಆರಾಮ ಅದ’ ಅಂದ ಅಪ್ಪ. ನಾನು ಖುಷಿ ಪಟ್ಟೆ.

ಮೂರು ದಿನ ಬಿಟ್ಟು ಅವ್ವ ಹೇಳಿದಳು. ಅವತ್ತು ರಾತ್ರಿ ಅಪ್ಪ ಸ್ಟಾರ್ಟರ್ ಹತ್ರ ಕರೆಂಟು ಬರ್ತದಂತ ಎರಡೂವರೆ ತನಕ ಕುಂತಿದ್ದ. ವಾಪಸ್ ಬರುವಾಗ ಹಸಿ ಕಾಲುವೆಯಾಗ ಜಾರಿ ಬಿದ್ದಿದ್ದ. ನಾನು ಹೋಗಿ ನೋಡಿದಾಗ ಮೊಳಕಾಲು ಇನ್ನೂ ಬಾತಿತ್ತು, ಅರಿಶಿಣ ಹಚ್ಚಿದ್ರು. ‘ಯಾಕ ಹೇಳ್ಲಿಲ್ಲ?’ ಅಂದೆ. ‘ನೀ ಮಶೀನಿಂದು ಕೇಳಿದಿ’ ಅಂದ.

ಅಲ್ಲೇ ಕಟ್ಟಿ ಮ್ಯಾಲ ಕೂತು ಅಪ್ಪನ ಫೋನು ತೆಗೆದು ಓದಿದೆ. ನಾಲ್ಕು ಅಂಕಿ. ಮಾಡೆಮ್ಮಿನ ಲಾಗಿನಾಗ ಅವತ್ತಿನ ಮೆಸೇಜಿನ ಮುಂದ ಸ್ಪಷ್ಟ ಇತ್ತು: ಓಕೆ. ಅದು ಸುಳ್ಳು ಹೇಳಿರಲಿಲ್ಲ. ‘ನೀ ಕೊಟ್ಟಿದ್ದನ್ನ ನೆಟ್‌ವರ್ಕು ತಗೊಂಡದ’ ಅಂದಿತ್ತು ಅಷ್ಟೇ. ನಾನು ಕೊಟ್ಟಿದ್ದು ಸರಿ ಅದನೋ, ಓದೋನಿಗೆ ತಿಳೀತೋ, ಅದು ನಾನು ಕೇಳಬೇಕಾದ ಪ್ರಶ್ನೆ.

ಆಮ್ಯಾಲ ಏನೇನು ಬದಲಿಸಿದೆ, ಬರ್ಕೊಳ್ರಿ.

ಒಂದು, 17ರ ಜಾಗದಾಗ 49 ಹಾಕಿದೆ. ಹಂಗ ಮಾಡಿದ್ರೆ ಮೆಸೇಜು ಆ ಫೋನಿಗೆ ಮುಟ್ಟಿದ ವರದಿ ಕೇಳಿದಂಗ.

ಎರಡು, 167 ಅಂದ್ರೆ ಮೆಸೇಜಿಗೆ 24 ತಾಸು ಆಯಸ್ಸು. ರಾತ್ರಿಯ ಸುದ್ದಿ ಮರುದಿನ ಮಧ್ಯಾಹ್ನ ಬಂದ್ರೆ ಮತ್ತ ಅಪಾಯ. ಅಲ್ಲಿ 5 ಹಾಕಿದೆ, ಅರ್ಧ ತಾಸು. ಅಷ್ಟರಾಗ ಮುಟ್ಟದಿದ್ರೆ ಆ ಮೆಸೇಜು ಬ್ಯಾಡ.

ಮೂರು, ‘ಬಂದ್’ ಅನ್ನೋ ಪದವೇ ತೆಗೆದೆ. ಏನು ಬರೀಲಿ ಅಂತ ಅಪ್ಪನ್ನ ಕೇಳಿದೆ. ‘ಇಲ್ಲಂದ್ರೆ ಇಲ್ಲ ಅನ್ನು’ ಅಂದ. ಈಗ ಕರೆಂಟು ಹೋದ್ರೆ ಹೋಗೋ ಮೆಸೇಜು: ‘ಕರೆಂಟ್ ಇಲ್ಲ ಮಲ್ಕೋ ಅಪ್ಪ’. ಮಾಡೆಮ್ಮಿನ ಲೆಕ್ಕಕ್ಕ 22 ಅಕ್ಷರ, 88 ಅಂಕಿ. ಮೂರು ಸಲ ಎಣಿಸೀನಿ.

ನಾಲ್ಕು, ಮೆಸೇಜ್ ಓದಿದ ಮ್ಯಾಲ ಅಪ್ಪ ನನಗೊಂದು ಮಿಸ್ ಕಾಲ್ ಕೊಡ್ತಾನ. ಎಷ್ಟೇ ರಾತ್ರಿ ಆಗ್ಲಿ. ಕಲಬುರಗಿಯಾಗ ನನ್ನ ಫೋನು ಒಂದು ರಿಂಗ್ ಹೊಡೆದು ನಿಲ್ತದ. ಆಮ್ಯಾಲ ನಾನೂ ಮಲಕ್ಕೋತೀನಿ.

ಬೆಳಿಗ್ಗೆ ಫೋನ್ ಮಾಡಿದಾಗ ಮೊದಲು ಮೊಳಕಾಲಿಂದು ಕೇಳ್ತೀನಿ, ಮಶೀನಿಂದು ಆಮ್ಯಾಲ. ‘ಆರಾಮ ಅದೀನಿ’ ಅಂತಾನ. ಅವ್ವಗ ಫೋನ್ ಕೊಡು ಅಂತೀನಿ.

ನಿಮ್ಮ ಹೊಲದಾಗ, ತೋಟದಾಗ ಇಂಥದ್ದು ಯಾರಾದ್ರೂ ಮಾಡಿದ್ರೆ ಹೇಳ್ರಿ, ಯಾವ ಮಾಡೆಮ್, ಸಿಗ್ನಲ್ ಎಷ್ಟು ಬರ್ತದ. ಕನ್ನಡ ಮೆಸೇಜಿನ ಪೂರಾ ಕಮಾಂಡು ಬೇಕಾದ್ರೆ ಕಾಗದದ ಫೋಟೋ ದೊಡ್ಡದು ಮಾಡಿ ನೋಡ್ರಿ. ತಪ್ಪಾದ ಸಾಲನ್ನ ಕೆಂಪು ಪೆನ್ನಿನಿಂದ ಗುರುತು ಮಾಡೀನಿ, ಅಳಿಸಿಲ್ಲ.

#ಕಲಬುರಗಿ #ಕಮಲಾಪುರ #ಕೆಂಪುಬಾಳೆ #ಎಟಿಕಮಾಂಡ್ #ಅಪ್ಪನತೋಟ